ಎಲೆಕೋಸಿನ ಉಪ್ಪುನೀರು

ಲ್ಯುಬೆನ್,

ನಾನು ಕಾರ್ಖಾನೆಗೆ ಹೊರಟೆ. ಬಿ.ಪಿ. ಮಾತ್ರೆ ಬ್ರೆಡ್ಡಿನ ಪಕ್ಕದಲ್ಲಿದೆ, ಒಂದೇ ನುಂಗು. ಬೀನ್ಸ್ ಸೂಪಿಗೆ ಉಪ್ಪು ಹಾಕಿಲ್ಲ, ನನ್ನನ್ನು ಬೈದುಕೊಂಡಾದರೂ ಉಣ್ಣು.

ಎಲೆಕೋಸನ್ನು ಉಪ್ಪುನೀರಿನಲ್ಲಿ ಹುಳಿಹಾಕಿದ ಪೀಪಾಯಿಯ ನಲ್ಲಿಯನ್ನು ಕಿತ್ತಿಟ್ಟಿದ್ದೇನೆ, ಹುಡುಕಬೇಡ. ದಿನಾ ಬೆಳಿಗ್ಗೆ ಒಂದು ಲೋಟ ಆ ಉಪ್ಪುನೀರು ಕುಡಿದರೆ ರಕ್ತ ಶುದ್ಧವಾಗುತ್ತದೆ ಎಂದು ನಿನ್ನ ಹಾಗೇ ನಿನ್ನಣ್ಣ ಪೆಂಚೋನೂ ಹೇಳುತ್ತಿದ್ದ. ಡಾಕ್ಟರು ನಿನ್ನ ಮೆದುಳಿನ ಚಿತ್ರ ತೋರಿಸಿ, "ಕೂದಲೆಳೆಯಂಥ ರಕ್ತನಾಳಗಳು ಒಂದೊಂದಾಗಿ ಕಟ್ಕೊಳ್ತಾ ಇವೆ, ಮೊದ್ಲು ಉಪ್ಪು ಬಿಡ್ಸಿ" ಎಂದದ್ದು ನಿನ್ನೆದುರಿಗೇ. ನೀನು ಆಯಿತೆಂದು ಹೇಳಿ ಮನೆಗೆ ಬಂದವನೇ ಲೋಟ ಹಿಡಿದೆ.

ಪೆಂಚೋ ತೀರಿಹೋಗಿ ವರ್ಷವಾಯಿತೆಂದು ಊರ ರೂಢಿಯಂತೆ ಬಾಗಿಲಿಗೆ ಸಾವಿನ ಸ್ಮರಣೆಯ ಹಾಳೆ ಅಂಟಿಸಿದ್ದೇವೆ. ಅದರಲ್ಲಿರುವ ಫೋಟೋ ಅವನದು. ನಿನ್ನದೆಂದುಕೊಂಡು, ನಿನ್ನೆಯ ಹಾಗೆ, ಕರಿ ಕೋಟು ತೊಟ್ಟು ಎದೆಯ ಮೇಲೆ ಕೈಯಿಟ್ಟು ಮಲಗಿರಬೇಡ.

ರಾಡ್ಕಾ