ಬೀದಿಯ ಗೂಟ ಕೀಳಿಸಿದ ಅಧಿಕಾರಿಗಳಿಗೆ

ಪಟ್ಟಣ ಪಂಚಾಯ್ತಿಯ ಮಾನ್ಯ ಕಾರ್ಯನಿರ್ವಾಹಕ ಅಧಿಕಾರಿಗಳೇ,

ಕಳೆದ ತೈ ತಿಂಗಳಲ್ಲಿ, ಸಂಕ್ರಾಂತಿಯ ಹೊತ್ತಿಗೆ, ನಮ್ಮ ನೇಕಾರರ ಬೀದಿಯ ಕಲ್ಲುಗೂಟಗಳನ್ನು ಕೀಳಿಸಿ ನೀವು ನನ್ನ ಅತ್ತಿಗೆಯ ಬಾಯಿ ಮುಚ್ಚಿಸಿದಿರಿ. ಇದೇ ನನ್ನ ದೂರು. ತಮಿಳಿನಲ್ಲಿ ಮೂರು ಸಲ ಅರ್ಜಿ ಬರೆದೆ. ಮೂರಕ್ಕೂ ಸ್ವೀಕೃತಿ ಚೀಟಿ ಸಿಕ್ಕಿತು, ಉತ್ತರ ಸಿಗಲಿಲ್ಲ. ಈ ಸಲ ಮನೆಮಾತಾದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿಮಗೆ ಓದಲು ಬಾರದಿದ್ದರೆ ಚಿಂತೆಯಿಲ್ಲ, ಬರುವ ಭಾಷೆಯಲ್ಲೂ ನೀವು ಓದಲಿಲ್ಲ.

ಮಗ್ಗಕ್ಕೆ ಉದ್ದನೆಯ ನೂಲು ಹಾಸುತ್ತೇವಲ್ಲ, ಅದಕ್ಕೆ ನಮ್ಮಲ್ಲಿ ಪಾವು ಎನ್ನುತ್ತೇವೆ. ಬಿಸಿಲೇರುವ ಮೊದಲು ಅದನ್ನು ಬೀದಿಯುದ್ದಕ್ಕೂ ಗೂಟಗಳಿಗೆ ಎಳೆದು ಕಟ್ಟಿ, ಗಂಜಿ ಹಚ್ಚಿ, ಕಡಿದ ಎಳೆಗಳನ್ನು ಹುಡುಕಿ ಗಂಟು ಹಾಕಬೇಕು. ಒಂದು ಮನೆಯವರಿಂದ ಆಗುವ ಕೆಲಸವಲ್ಲ. ಇವತ್ತು ನಿಮ್ಮ ಪಾವಿಗೆ ನಾವು, ನಾಳೆ ನಮ್ಮದಕ್ಕೆ ನೀವು. ಇದನ್ನು ನಿಮ್ಮ ನೋಟೀಸು 'ಅತಿಕ್ರಮಣ' ಎಂದು ಕರೆಯಿತು.

ನನ್ನ ಅಣ್ಣ ಕಾಳಿಯಪ್ಪನ್ ಎರಡು ದಿನದ ಜ್ವರದಲ್ಲಿ ಹೋದ. ಅತ್ತಿಗೆ ವಳ್ಳಿಯಮ್ಮ ಗೋಡೆಗೆ ಮುಖ ಮಾಡಿ ಕೂತವಳು ನಾಲ್ಕು ತಿಂಗಳು ಒಂದು ಮಾತೂ ಆಡಲಿಲ್ಲ. ಕೊಯಮತ್ತೂರಿನ ಡಾಕ್ಟರು ಮಾತ್ರೆ ಕೊಟ್ಟರು, ನಿದ್ದೆ ಬಂತು. ಅವರನ್ನು ದೂರುವುದಿಲ್ಲ. ಆದರೆ ಒಂದು ಬೆಳಗ್ಗೆ ಎದುರು ಮನೆಯ ಸಾಂತಿ ಬಾಗಿಲಲ್ಲಿ ನಿಂತು ಕೂಗಿದಳು: "ಅಕ್ಕಾ, ಪಾವ್‌ಗೆ ಒಂದಾಳು ಕಮ್ಮಿ. ತುದಿ ಹಿಡ್ಕೋ ಬಾ, ಬೇಗ!"

ಹಸಿ ಸುಳ್ಳು. ಬೀದಿಯಲ್ಲಿ ಬೇಕಾದ್ದಕ್ಕಿಂತ ಹೆಚ್ಚೇ ಜನ ಇದ್ದರು. ಅತ್ತಿಗೆ ಎದ್ದು ಹೋದಳು. ಹೇಗಿದ್ದೀಯ ಎಂದು ಯಾರೂ ಕೇಳಲಿಲ್ಲ, ಕೈಗೆ ತುದಿ ಕೊಟ್ಟರು ಅಷ್ಟೆ. ಹೀಗೇ ಹತ್ತು ಹನ್ನೆರಡು ದಿನ ಕಳೆದವು. ಆಮೇಲೊಂದು ದಿನ ಅತ್ತಿಗೆ ಪಕ್ಕದ ಮನೆಯ ಸತ್ಯಾಳ ಮೇಲೆ ಹರಿಹಾಯ್ದಳು: "ಇಲ್ಲಿ ಎಳೆ ಕಡ್ದು ನೇತಾಡ್ತೈತೆ, ಕಣ್ಣು ಎಲ್ಲಿ ಇಟ್ಟಿದ್ದೀಯೇ?" ಬೈಸಿಕೊಂಡ ಸತ್ಯಾ ಸಂತೋಷಕ್ಕೆ ಅತ್ತುಬಿಟ್ಟಳು. ನಾನೂ ಅತ್ತೆ, ನಾಚಿಕೆಯೇನಿಲ್ಲ.

ಆ ಬೀದಿಗೆ ನೀವು ಸಿಮೆಂಟು ಕಲ್ಲು ಹಾಸಿ ಕಾರು ನಿಲ್ಲಿಸಿದಿರಿ. ಈಗ ಪಾವು ಮಿಲ್ಲಿನಿಂದ ಸುತ್ತಿಯೇ ಬರುತ್ತದೆ, ಅವರವರ ಬಾಗಿಲು ಅವರವರಿಗೆ. ಅತ್ತಿಗೆ ಮತ್ತೆ ಗೋಡೆಯ ಕಡೆ ತಿರುಗಿದ್ದಾಳೆ. ಇಷ್ಟು ಮಾಡಿ ಸುಮ್ಮನಿದ್ದಿರಾ? ಅದೇ ಬೀದಿಗೆ ಅಡ್ಡಲಾಗಿ ಶಾಮಿಯಾನ ಹಾಕಿ 'ಮನೋಸ್ವಾಸ್ಥ್ಯ ಶಿಬಿರ' ನಡೆಸಿದಿರಿ! ಆಗ ಸಂಚಾರಕ್ಕೆ ಅಡ್ಡಿಯಾಗಲಿಲ್ಲವೇ, ಸ್ವಾಮಿ? ಮಗುವನ್ನು ಚಿವುಟಿ ತೊಟ್ಟಿಲು ತೂಗುವುದು ಎಂದರೆ ಇದೇ.

ಅತ್ತಿಗೆಯನ್ನು ಕೈ ಹಿಡಿದು ಆ ಶಿಬಿರಕ್ಕೆ ಕರೆದೊಯ್ದೆ. ನಿಮ್ಮ ಸಿಬ್ಬಂದಿ ಫಾರಂನಿಂದ ತಲೆ ಎತ್ತದೆ ಕೇಳಿದರು: "ಎನ್ನಮ್ಮಾ ವೇಣುಂ?" ಏನು ಬೇಕು ಎಂಬ ಪ್ರಶ್ನೆಗೆ ಅವಳು "ಆಳ್ ವೇಣುಂ" ಎಂದಳು. ಆ ಫಾರಂಗೆ ಮಾತ್ರ ವಾರದ ಮೇಲೆ ಉತ್ತರ ಬಂತು: 'ಅರ್ಜಿದಾರರಿಗೆ ಕೂಲಿಯಾಳುಗಳು ಬೇಕಾಗಿದ್ದು, ಮನವಿಯನ್ನು ಕಾರ್ಮಿಕ ಇಲಾಖೆಗೆ ಕಳುಹಿಸಲಾಗಿದೆ.'

ಆಳು ಎಂದರೆ ತಮಿಳಿನಲ್ಲೂ ಮನುಷ್ಯ, ನಮ್ಮ ಮನೆಮಾತಿನಲ್ಲೂ ಮನುಷ್ಯ. ನಿಮ್ಮ ಫಾರಂನಲ್ಲಿ ಮಾತ್ರ ಕೂಲಿ. ತನಗೆ ಮನುಷ್ಯರು ಬೇಕು ಎಂದು ಒಬ್ಬ ಹೆಂಗಸು ಬಾಯಿಬಿಟ್ಟು ಹೇಳಿದಾಗಲೂ ಅರ್ಥವಾಗದವರು ಮನಸ್ಸಿನ ಶಿಬಿರ ಯಾಕೆ ನಡೆಸಬೇಕು?

ನನ್ನ ಬೇಡಿಕೆ ಒಂದೇ. ಗೂಟಗಳನ್ನು ಮತ್ತೆ ನೆಡಿಸಿ. ಬೆಳಗ್ಗೆ ಆರರಿಂದ ಒಂಬತ್ತರವರೆಗೆ ಬೀದಿ ನಮಗಿರಲಿ. ಉಳಿದ ಇಪ್ಪತ್ತೊಂದು ಗಂಟೆ ನಿಮ್ಮ ಕಾರುಗಳು ಸುಖವಾಗಿರಲಿ.

ಅತ್ತಿಗೆ ಈಗ ದಿನಕ್ಕೆ ಒಂದೇ ಮಾತು ಆಡುತ್ತಾಳೆ. ಬೆಳಗಾಗುತ್ತಲೇ ಸೆರಗು ಸಿಕ್ಕಿಸಿಕೊಂಡು ಹೊಸಿಲಲ್ಲಿ ನಿಂತು ಕೇಳುತ್ತಾಳೆ: "ತಂಬಿ, ಇವತ್ತೂ ನನ್ನ ಯಾರೂ ಕೂಗ್ಲಿಲ್ವಾ?"

ನನಗೆ ಉತ್ತರ ಬರೆಯಬೇಡಿ. ಬಂದು ಅವಳಿಗೆ ಹೇಳಿ.

ಇಂತಿ,
ಸುಳ್ಳು ಹೇಳಲು ನೆಪವೂ ಉಳಿಯದ ಮೈದುನ,
ಭೂಪತಿ