ಏರದ ಕಂದಾಯ

2025 ಮಾರ್ಚ್ 12, ಬುಧವಾರ

ನೀರುಗಂಟಿ ಪಿಳ್ಳಪ್ಪನಿಗೆ ಇವತ್ತೇ ಹೇಳಬೇಕಿತ್ತು. ಹೇಳಲಿಲ್ಲ.

ಬೆಳಿಗ್ಗೆ ಪಂಚಾಯ್ತಿಯಲ್ಲಿ ಬಜೆಟ್ ಸಭೆ. ಮನೆ ಕಂದಾಯ ಸ್ವಲ್ಪವಾದರೂ ಏರಿಸದಿದ್ದರೆ ಇಬ್ಬರು ನೀರುಗಂಟಿಗಳಿಗೆ ಸಂಬಳ ಕೊಡಲಾಗುವುದಿಲ್ಲ, ಏಪ್ರಿಲ್‌ನಿಂದ ಒಬ್ಬರನ್ನು ತೆಗೆಯಬೇಕಾಗುತ್ತದೆ ಎಂದು ಪಿಡಿಒ ಹರಿತಾ ಸ್ಪಷ್ಟವಾಗಿಯೇ ಹೇಳಿದರು. ಸದಸ್ಯರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಬಾಯಿ ಬಿಟ್ಟವಳು ಅಧ್ಯಕ್ಷೆಯಾದ ನಾನೇ. "ಜನಕ್ಕೆ ಹೊರೆ ಬೇಡ, ಹಳೇ ಕಂದಾಯಾನೇ ಇರ್ಲಿ" ಎಂದೆ. ಹದಿನಾಲ್ಕು ಕೈಗಳೂ ಮೇಲೆದ್ದವು.

"ಹಾಗಾದ್ರೆ ಆಮೇಲೆ ಸೇರಿದೋರು ಹೋಗ್ಬೇಕಾಗುತ್ತೆ ಮೇಡಂ. ಪಿಳ್ಳಪ್ಪ" ಎಂದು ಹರಿತಾ ನನ್ನನ್ನೇ ನೋಡುತ್ತಾ ಹೇಳಿದರು. ಎತ್ತಿದ ಕೈಯನ್ನು ನಾನು ಇಳಿಸಲಿಲ್ಲ.

ಹೊರೆ ಎಂದೆನಲ್ಲ, ನಿಜ ಬರೆಯುವುದಾದರೆ ನನ್ನ ಕಣ್ಣ ಮುಂದೆ ಇದ್ದದ್ದು ವರ್ಷದ ಕೊನೆಗೆ ಬರುವ ಚುನಾವಣೆ.

ಸಂಜೆ ಪಿಳ್ಳಪ್ಪ ಮನೆಗೆ ಬಂದ. ಅವನಿಗೆ ಸುದ್ದಿ ಅರ್ಧ ಮಾತ್ರ ತಲುಪಿತ್ತು. "ಕಂದಾಯ ಏರಿಸ್ದಂಗೆ ನೀವೇ ತಡೆದ್ರಂತಲ್ಲಕ್ಕಾ. ನಮ್ಮಂಥೋರ ಬಗ್ಗೆ ಯೋಚ್ನೆ ಮಾಡೋರು ನೀವೊಬ್ರೇ" ಎಂದ. ಒಂದು ಡಬ್ಬಿ ತುಂಬ ಹಿಪ್ಪುನೇರಳೆ ಹಣ್ಣು ತಂದಿದ್ದ, ಮಗಳು ಕಿತ್ತಿದ್ದಂತೆ. ತೆಗೆದುಕೊಂಡೆ. ಕೂರಿಸಿ ಹೇಳಿಬಿಡೋಣ ಎಂದುಕೊಂಡವಳು ಡಬ್ಬಿ ಖಾಲಿ ಮಾಡಿ ತೊಳೆದುಕೊಟ್ಟೆ.

ಹೊರಡುವಾಗ, "ನಾಳೆ ಮೇಲಿನ ಬೀದಿಗೆ ಎಷ್ಟೊತ್ತಿಗೆ ನೀರು ಬಿಡ್ಲಿ ಅಕ್ಕಾ?" ಎಂದು ಕೇಳಿದ.

"ಆರು ಗಂಟೆಗೆ ಬಿಡಪ್ಪ" ಎಂದೆ.

ಈ ತಿಂಗಳು ಮುಗಿಯುವವರೆಗೂ ಅವನು ದಿನಾ ಹೀಗೇ ಕೇಳುತ್ತಾನೆ. ನಾನೂ ಹೀಗೇ ಗಂಟೆ ಹೇಳುತ್ತೇನೆ.