ಸೀಟಿನ ಕೆಳಗಿನ ಎರಡನೇ ಬ್ಯಾಟರಿ

ಮಾರ್ಚ್ 2, ಸಂಜೆ

ವ್ಯಾನಿಗೆ ನೀರು ತುಂಬಿಸಿದೆ. ಟೈರಿನ ಗಾಳಿ ಸರಿ ಇದೆ. ಒಳಗಿನ ಬಟ್ಟೆ ಬೀರುವಿನ ಬಾಗಿಲು ಹಳ್ಳ ಸಿಕ್ಕಾಗಲೆಲ್ಲ ಕಟಕಟ ಎನ್ನುತ್ತಿತ್ತು. ಚೌಕಟ್ಟಿನ ಸುತ್ತ ಉಣ್ಣೆಬಟ್ಟೆಯಂಥ ದಪ್ಪ ಫೆಲ್ಟ್ ಪಟ್ಟಿ ಅಂಟಿಸಿದೆ. ಈಗ ಗಪ್‌ಚುಪ್. ಹೆಂಡತಿ ತೆರೆದು ಮುಚ್ಚಿ ನೋಡಿ, "ಪರವಾಗಿಲ್ವೇ, ರಿಟೈರ್ ಆದ್ರೂ ಕೈಚಳಕ ಹೋಗಿಲ್ಲ" ಅಂದಳು. ಮೂವತ್ತೊಂದು ವರ್ಷ ಲಿಫ್ಟ್ ಮೆಕ್ಯಾನಿಕ್ ಆಗಿದ್ದವನಿಗೆ ಒಂದು ಬೀರು ಯಾವ ಲೆಕ್ಕ!

ಹದಿನಾಲ್ಕಕ್ಕೆ ಹೊರಡುವುದು. ಅವಳ ಅಕ್ಕನ ಮನೆಗೆ. ಎರಡು ದಿನದ ದಾರಿ. ಇನ್ಸುಲಿನ್ ಶುರುವಾದಾಗಿನಿಂದ ಇವಳು ಒಂದು ರಾತ್ರಿಯೂ ಹೊರಗೆ ತಂಗಿಲ್ಲ — ಔಷಧಿ ಬಿಸಿಲಿಗೆ ಕೆಟ್ಟರೆ ಎಂಬ ಭಯ. ಅಕ್ಕನಿಗೋ ಬಸ್ಸು ಹತ್ತಿದರೆ ವಾಂತಿ. ಹೀಗೇ ಆರು ವರ್ಷ, ಬರೀ ಫೋನಿನಲ್ಲಿ. ಅದಕ್ಕೇ ಈ ಫ್ರಿಜ್ ಇರುವ ವ್ಯಾನ್ ಕೊಂಡದ್ದು.

ಮಾರ್ಚ್ 8

ಫ್ರಿಜ್ ಆನ್ ಮಾಡಿದೆ. ಸದ್ದೇ ಇಲ್ಲ. ಎಂಜಿನ್ನಿನ ಬ್ಯಾಟರಿ ಚೆನ್ನಾಗಿದೆ. ಫ್ರಿಜ್ಜಿಗೆ, ಒಳದೀಪಗಳಿಗೆಂದೇ ಹಿಂದಿನ ಸೀಟಿನ ಕೆಳಗಿಟ್ಟಿರುವ ಎರಡನೆಯದು ಖಾಲಿ. ಮೀಟರ್ ಹಿಡಿದರೆ 10.4 ವೋಲ್ಟ್. ಎಂಟು ತಿಂಗಳ ಬ್ಯಾಟರಿ!

ವೈರಿಂಗ್ ಮಾಡಿದ್ದು ಇವಳ ತಮ್ಮ. ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ.

"ಭಾವ, ವೈರಿಂಗ್ ಸರಿಯಾಗೇ ಇದೆ. ಆಮೇಲೆ ನೀವು ಏನಾದ್ರೂ ಮುಟ್ಟಿದ್ರಾ?"

ಏನೂ ಮುಟ್ಟಿಲ್ಲ ಅಂದೆ. ಇಟ್ಟುಬಿಟ್ಟೆ.

ಹೆಂಡತಿ ವ್ಯಾನಿನಲ್ಲಿ ಜೋಡಿಸಿದ್ದ ತನ್ನ ಬಟ್ಟೆಗಳನ್ನು ಮನೆಯೊಳಗೆ ತಂದು ಇಟ್ಟಳು. ತುಂಬ ಬೇಜಾರಾಯಿತು.

ಮಾರ್ಚ್ 9

ಬ್ಯಾಟರಿ ಹೊರತೆಗೆದೆವು. ಮೊದಲು ಮೈನಸ್ ತಂತಿ ಬಿಚ್ಚಿ, ತುದಿಗೆ ಟೇಪ್ ಸುತ್ತಿದೆ. ಆಮೇಲೆ ಪ್ಲಸ್. ಕೊನೆಗೆ ಬಿಗಿದ ಬೆಲ್ಟ್. ಇಪ್ಪತ್ತಾರು ಕಿಲೋ. "ಸೊಂಟ ಹಿಡ್ಕೊಂಡ್ರೆ ನಾನಂತೂ ಎಣ್ಣೆ ತಿಕ್ಕಲ್ಲ" ಎನ್ನುತ್ತಲೇ ಇನ್ನೊಂದು ಬದಿ ಹಿಡಿದಳು. ಗಾಳಿಯಾಡಲೆಂದು ಹಿತ್ತಲ ಬಾಗಿಲ ಬಳಿ ಇಟ್ಟು ಚಾರ್ಜಿಗೆ ಹಾಕಿದೆ.

ಮಾರ್ಚ್ 12, ಬೆಳಿಗ್ಗೆ

ಚಾರ್ಜ್ ಆದ ಮೇಲೆ ಎರಡು ದಿನ ಯಾವುದಕ್ಕೂ ಜೋಡಿಸದೆ ಬಿಟ್ಟಿದ್ದೆ. 12.7 ವೋಲ್ಟ್. ಕದಲಿಲ್ಲ. ಅಂದರೆ ಬ್ಯಾಟರಿ ಗಟ್ಟಿಮುಟ್ಟು. ಕಳ್ಳ ವ್ಯಾನಿನೊಳಗೇ ಇದ್ದಾನೆ.

ಮಧ್ಯಾಹ್ನ 3

ಮತ್ತೆ ಕೂರಿಸಿದೆ. ಎಲ್ಲ ಆರಿಸಿ, ತಂತಿಯ ನಡುವೆ ಮೀಟರ್ ಇಟ್ಟೆ. 0.8 ಆಂಪಿಯರ್ ಹೋಗುತ್ತಲೇ ಇದೆ! ಫ್ಯೂಸ್ ಒಂದೊಂದಾಗಿ ಕಿತ್ತು ಹಾಕುತ್ತಾ ಬಂದೆ. ಫ್ರಿಜ್ — ಊಹೂಂ. ನೀರಿನ ಪಂಪ್ — ಊಹೂಂ. ಒಳದೀಪಗಳು — ಮೀಟರ್ ಸೊನ್ನೆ. ಆದರೆ ದೀಪಗಳೆಲ್ಲ ಆರಿವೆಯಲ್ಲ... ಫ್ಯೂಸ್ ವಾಪಸ್ ಹಾಕಿ ತಲೆ ಕೆರೆದುಕೊಂಡು ಕೂತೆ.

"ಬೀರು ಒಳಗಿಂದು?" ಅಂದಳು ಹೆಂಡತಿ.

"ಅದು ತಾನಾಗೇ ಆರುತ್ತೆ. ಚೌಕಟ್ಟಲ್ಲಿ ಸ್ವಿಚ್ ಇದೆ, ಬಾಗಿಲು ಹಾಕಿದ್ರೆ ಒತ್ತುತ್ತೆ."

"ಆರಿದ್ದು ನೀವು ನೋಡಿದೀರಾ?"

"ಬಾಗಿಲು ಹಾಕಿದ್ಮೇಲೆ ಹೇಗೆ ನೋಡೋದು?"

ಅವಳು ಹ್ಯಾಂಗರುಗಳನ್ನು ಪಕ್ಕಕ್ಕೆ ಸರಿಸಿ, ಬೀರುವಿನೊಳಗೆ ಹೋಗಿ ಮುದುರಿ ಕೂತಳು. "ಹಾಕ್ರೀ ಬಾಗಿಲು." ಹಾಕಿದೆ.

"ಏನು?"

"ಪೇಪರ್ ಓದ್ಬಹುದು!"

ಫೆಲ್ಟ್. ನನ್ನದೇ ಫೆಲ್ಟ್. ಅದರ ದಪ್ಪಕ್ಕೆ ಬಾಗಿಲು ಸ್ವಿಚ್ಚಿನವರೆಗೆ ಹೋಗುತ್ತಲೇ ಇಲ್ಲ. ಬಡಪಾಯಿ ಬಲ್ಬು ಆರು ದಿನ ಹಗಲೂ ರಾತ್ರಿ ಉರಿದು ಬ್ಯಾಟರಿಯನ್ನು ಹೀರಿ ಹಾಕಿದೆ. ಲಿಫ್ಟಿನ ಬಾಗಿಲು ಕೂದಲೆಳೆಯಷ್ಟು ತೆರೆದಿದ್ದರೂ ಕಂಡುಹಿಡಿಯುತ್ತಿದ್ದವನು ನಾನು! ನಾಚಿಕೆಯಾಯಿತು. ಅದಕ್ಕಿಂತ ಜಾಸ್ತಿ ಖುಷಿಯಾಯಿತು.

ಸಂಜೆ

ಫೆಲ್ಟ್ ಕಿತ್ತೆ. ಮೀಟರ್ ಸೊನ್ನೆ. ಭಾವಮೈದುನನಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ.

"ಏನೂ ಮುಟ್ಟಿಲ್ಲ ಅಂದ್ರಲ್ಲ, ಭಾವ?"

"ವೈರ್ ಮುಟ್ಟಿಲ್ಲಪ್ಪ. ಬಾಗಿಲು ಮುಟ್ಟಿದ್ದು."

ಅವನು ನಗು ನಿಲ್ಲಿಸುವವರೆಗೂ ಕಾದೆ. ಬಹಳ ಹೊತ್ತು ಕಾಯಬೇಕಾಯಿತು.

ಮಾರ್ಚ್ 13

ರಾತ್ರಿಯೆಲ್ಲ ಫ್ರಿಜ್ ಓಡಿದೆ. ಬೆಳಿಗ್ಗೆ ಒಳಗೆ ನಾಲ್ಕು ಡಿಗ್ರಿ. ಹೆಂಡತಿ ಥರ್ಮಾಮೀಟರನ್ನು ಮೂರು ಸಲ ನೋಡಿದಳು. ಆಮೇಲೆ ಬಟ್ಟೆಗಳು ವ್ಯಾನಿಗೆ ವಾಪಸ್.

ಮಾರ್ಚ್ 15, ಸಂಜೆ

ತಲುಪಿದೆವು. ದಾರಿಯುದ್ದಕ್ಕೂ ಬೀರು ಕಟಕಟ. ಇಬ್ಬರಿಗೂ ಅದು ಹಿತವಾಗಿಯೇ ಕೇಳಿಸಿತು.

ಅಕ್ಕ ಗೇಟಿನಲ್ಲೇ ನಿಂತಿದ್ದರು. ಅಕ್ಕತಂಗಿ ಇಬ್ಬರೂ ಕೈ ಹಿಡಿದುಕೊಂಡು ನಿಂತರು. ನನಗೂ ಕಣ್ಣು ತುಂಬಿತು. ಟೈರ್ ನೋಡುವವನ ಹಾಗೆ ಬಗ್ಗಿದೆ.

ಆಮೇಲೆ ಇವಳು ಬೀರುವಿನ ಕಥೆಯನ್ನೆಲ್ಲ ಉಪ್ಪು ಖಾರ ಹಚ್ಚಿ ಹೇಳಿದಳು. ಅಕ್ಕನಿಗೂ ನೋಡಬೇಕಂತೆ. ಎಪ್ಪತ್ತರ ಹೆಂಗಸು ಬೀರುವಿನೊಳಗೆ ತೂರಿದರು! ಹಿಂದೆಯೇ ಇವಳೂ. ಬಾಗಿಲು ಒತ್ತಿ ಹಾಕಿದೆ.

"ದೀಪ ಆರ್ತಾ?" ಅಂತ ಕೇಳಿದೆ.

ಒಳಗೆ ಕತ್ತಲಲ್ಲಿ ಇಬ್ಬರದೂ ನಗು. ಬಾಗಿಲು ತೆಗೆಯಲು ಮನಸ್ಸಾಗದೆ ನಾನು ಅಲ್ಲೇ ಹಿಡಿ ಹಿಡಿದುಕೊಂಡು ನಿಂತೆ.